ಹಳೇ ಡಬ್ಬ, ಹಳೇ ಕಂಬಳಿ, ಬಯಲಿನ ಅಡುಗೆಮನೆ: ಕ್ಯಾಂಪ್ ಸಾಮಾನು ಮನೆಯಲ್ಲೇ ಮಾಡಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆ ಹೊಲಕ್ಕೋ ತೋಟಕ್ಕೋ ಹೋಗಿ, ಅಲ್ಲೇ ಅಡುಗೆ ಮಾಡಿ, ರಾತ್ರಿ ಉಳಿದು ಬರುವವರಿಗಾಗಿ ಈ ಪುಟ. ಮನೆಯ ಅಟ್ಟದ ಮೇಲೆ, ಹಿತ್ತಲಲ್ಲಿ, ಗುಜರಿ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಒಲೆ, ಗಾಳಿತಡೆ, ಬಿಸಿಪೆಟ್ಟಿಗೆ ಮಾಡಿಕೊಳ್ಳಬಹುದು. ಆದರೆ ಯಾವ ವಸ್ತು ಬೆಂಕಿಗೆ ಆಗುತ್ತದೆ, ಯಾವುದು ಆಗಲ್ಲ ಅನ್ನೋದು ಗೊತ್ತಿರಬೇಕು. ಆ ಪ್ರಶ್ನೆಯ ಉತ್ತರವನ್ನು ದಯವಿಟ್ಟು ಬಿಡದೆ ಓದಿ.

ಅಂಗಡಿಯಲ್ಲಿ ಕ್ಯಾಂಪಿಂಗ್ ಸೆಟ್ ಸಿಗುತ್ತಲ್ಲ, ಮನೆಯಲ್ಲಿ ಮಾಡೋದು ಯಾಕೆ?

ಅಂಗಡಿ ಸೆಟ್ಟುಗಳು ಕೆಟ್ಟವಲ್ಲ. ಆದರೆ ಅವು ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವ ಒಬ್ಬಿಬ್ಬರಿಗೆ, ಟೀ ಮತ್ತು ನೂಡಲ್ಸಿಗೆ ಮಾಡಿದವು. ನಾವು ಹೋಗೋದು ಆರೆಂಟು ಜನ. ಮಾಡೋದು ಮುದ್ದೆ, ಸಾರು, ಅನ್ನ. ಆ ಪುಟ್ಟ ಸ್ಟೌವಿನ ಮೇಲೆ ಮುದ್ದೆ ಪಾತ್ರೆ ಇಟ್ಟರೆ ಸ್ಟೌವೇ ಮಗುಚುತ್ತದೆ.

ಬಯಲಲ್ಲಿ ಅಡುಗೆ ಮಾಡೋದು ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ನಾಯಕನಹಟ್ಟಿ ಜಾತ್ರೆಗೆ ಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವವರು ಹೊಲದಲ್ಲೇ ಒಲೆ ಹೂಡಿ ಊರಿಗೆಲ್ಲ ಬಡಿಸುವಷ್ಟು ಅಡುಗೆ ಮಾಡುತ್ತಾರೆ. ಅವರ ಹತ್ತಿರ ಇರೋದು ಎಣ್ಣೆ ಡಬ್ಬ, ಮೂರು ಕಲ್ಲು, ದೊಡ್ಡ ಪಾತ್ರೆ, ಅಷ್ಟೇ. ನಾವು ಅದನ್ನೇ ಸ್ವಲ್ಪ ಅಚ್ಚುಕಟ್ಟು ಮಾಡಿಕೊಳ್ಳುತ್ತೇವೆ.

ಮೊದಲು ಏನು ಮಾಡಲಿ?

ಗಾಳಿತಡೆ, ಆಮೇಲೆ ಕಂಬಳಿ ಪೆಟ್ಟಿಗೆ, ಅಂದರೆ ಒಲೆಯಿಂದ ಇಳಿಸಿದ ಅಡುಗೆಯ ಬಿಸಿ ಹಿಡಿದಿಡುವ ಪೆಟ್ಟಿಗೆ. ಎರಡಕ್ಕೂ ವೆಲ್ಡಿಂಗ್ ಬೇಡ, ದುಡ್ಡೂ ಬೇಡ. ಇವೆರಡು ಕೈಯಲ್ಲಿದ್ದರೆ ಮನೆಯ ಯಾವ ಒಲೆಯನ್ನಾದರೂ ಹೊರಗೆ ಒಯ್ಯಬಹುದು. ಒಲೆಯನ್ನೇ ಮೊದಲು ಮಾಡೋಣ ಅಂತ ಹೊರಡುವವರೇ ಜಾಸ್ತಿ. ಗಾಳಿಗೆ ತಡೆ ಇಲ್ಲದಿದ್ದರೆ ಎಷ್ಟು ಒಳ್ಳೆ ಒಲೆಯೂ ಸುಮ್ನೆ ಸೌದೆ ತಿನ್ನುತ್ತದೆ.

ಚಿತ್ರದುರ್ಗದ ಗಾಳಿಗೆ ಒಲೆ ನಿಲ್ಲುತ್ತಲೇ ಇಲ್ಲ. ಗಾಳಿತಡೆ ಹೇಗೆ ಮಾಡೋದು?

ದುರ್ಗದ ಸುತ್ತ ಗುಡ್ಡದ ಸಾಲಿನ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನುಗಳು ಸುಮ್ಮನೆ ನಿಂತಿಲ್ಲ ಅಲ್ವಾ? ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಬೆಂಕಿಪೊಟ್ಟಣದ ಕಡ್ಡಿ ಹಚ್ಚೋದೇ ಕಷ್ಟ.

15 ಕೆಜಿಯ ಒಂದು ಖಾಲಿ ಎಣ್ಣೆ ಡಬ್ಬ ತನ್ನಿ. ಮಿರ್ಚಿ ಅಂಗಡಿ, ಹೋಟೆಲು, ಬೇಕರಿ ಎಲ್ಲಿ ಕೇಳಿದರೂ ಸಿಗುತ್ತದೆ. ಮೇಲಿನ ಮುಚ್ಚಳ, ಕೆಳಗಿನ ತಳ ಎರಡನ್ನೂ ತಗಡು ಕತ್ತರಿಯಿಂದ ತೆಗೆಯಿರಿ. ಒಂದು ಮೂಲೆಯಲ್ಲಿ ಉದ್ದಕ್ಕೆ ಕತ್ತರಿಸಿ ಬಿಡಿಸಿದರೆ ಸುಮಾರು 90 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಎತ್ತರದ ತಗಡು ಸಿಗುತ್ತದೆ. ಮೂರು ಮಡಿಕೆ ಅದರಲ್ಲೇ ಇರುತ್ತವೆ, ಹಾಗಾಗಿ ನೆಲದ ಮೇಲೆ ತಾನೇ ನಿಲ್ಲುತ್ತದೆ. ಒಯ್ಯುವಾಗ ಮಡಚಿದರೆ ಪುಸ್ತಕದಷ್ಟೇ ಜಾಗ.

ಕತ್ತರಿಸಿದ ಅಂಚು ಬ್ಲೇಡಿನ ಹಾಗೆ ಇರುತ್ತದೆ. ಎಲ್ಲಾ ಅಂಚನ್ನೂ ಬೆರಳಗಲ ಒಳಕ್ಕೆ ಮಡಚಿ, ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸಿ. ದಪ್ಪ ಕೈಗವಸು ಇಲ್ಲದೆ ಈ ಕೆಲಸ ಬೇಡ. ತಗಡು ಕುಯ್ದರೆ ಗಾಯ ಸಣ್ಣದು ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ ಟಿಟಿ ಇಂಜೆಕ್ಷನ್ ಬಗ್ಗೆ ಕೇಳಿ.

ಸೌದೆ ಒಲೆಗೆ ಗಾಳಿ ಬರುವ ಮೂರು ಕಡೆ ತಡೆ ಇಟ್ಟು, ಒಂದು ಕಡೆ ತೆರೆದಿಡಿ. ಪಾತ್ರೆಗೂ ತಗಡಿಗೂ ನಡುವೆ ಎರಡು ಬೆರಳು ಜಾಗ ಇರಲಿ. ಒಂದು ವಿಷಯ ಮಾತ್ರ ಮರೀಬೇಡಿ: ಗ್ಯಾಸ್ ಡಬ್ಬಿ ಬರ್ನರಿನ ಕೆಳಗೇ ಇರುವ ಸ್ಟೌವಿಗೆ ಸುತ್ತಲೂ ತಗಡು ಕಟ್ಟಲೇಬಾರದು. ಬೆಂಕಿಯ ಬಿಸಿ ಡಬ್ಬಿಗೆ ತಿರುಗಿ ಬಡಿದು ಅದು ಸಿಡಿಯಬಹುದು.

ಹೊಟ್ಟಿನ ಒಲೆ ಈಗಲೂ ಕೆಲಸಕ್ಕೆ ಬರುತ್ತಾ?

ಖಂಡಿತ ಬರುತ್ತದೆ. ಹಿಂದೆ ನಮ್ಮ ಎಷ್ಟೋ ಮನೆಗಳ ಬಚ್ಚಲಲ್ಲಿ ಇದೇ ಇತ್ತು. ಹೆಚ್ಚು ಜನಕ್ಕೆ, ನಿಧಾನದ ಅಡುಗೆಗೆ ಇದಕ್ಕಿಂತ ಒಳ್ಳೆ ಒಲೆ ನನಗೆ ಕಂಡಿಲ್ಲ. ಒಮ್ಮೆ ತುಂಬಿದರೆ ಗಂಟೆಗಟ್ಟಲೆ ಉರಿಯುತ್ತದೆ, ಪಕ್ಕದಲ್ಲಿ ಕೂತು ಸೌದೆ ನೂಕಬೇಕಿಲ್ಲ.

ಇನ್ನೊಂದು ಎಣ್ಣೆ ಡಬ್ಬ ತಗೊಳ್ಳಿ. ಮೇಲ್ಭಾಗ ಪೂರ್ತಿ ತೆಗೆಯಿರಿ, ತಳ ಇರಲಿ. ಒಂದು ಬದಿಯ ಬುಡದಲ್ಲಿ ಮೂರು ಇಂಚಿನ ತೂತು ಮಾಡಿ. ಡಬ್ಬದ ನಟ್ಟನಡುವೆ ಉದ್ದನೆಯ ಬಾಟಲಿಯನ್ನೋ ಪೈಪ್ ತುಂಡನ್ನೋ ನೆಟ್ಟಗೆ ನಿಲ್ಲಿಸಿ. ಬುಡದ ತೂತಿನಿಂದ ಒಂದು ದುಂಡನೆಯ ಕೋಲು ತೂರಿಸಿ ಆ ಬಾಟಲಿಗೆ ತಾಗಿಸಿ. ಈಗ ಸುತ್ತಲೂ ಮರದ ಹೊಟ್ಟು ಹಾಕಿ. ನಾಲ್ಕು ಬೆರಳು ಹಾಕೋದು, ಒನಕೆ ತುಂಡಿನಂಥದ್ದರಲ್ಲಿ ಗಟ್ಟಿಯಾಗಿ ಕುಟ್ಟೋದು, ಮತ್ತೆ ನಾಲ್ಕು ಬೆರಳು ಹಾಕೋದು. ಕುಟ್ಟುವಾಗ ಕೈಗೆ ಟಕ್ ಟಕ್ ಅಂತ ಗಟ್ಟಿ ನೆಲ ಸಿಕ್ಕ ಹಾಗೆ ಆಗಬೇಕು, ಮೆತ್ತಗಿದ್ದರೆ ಇನ್ನೂ ಕುಟ್ಟಿ. ಕಂಠದವರೆಗೆ ತುಂಬಿದ ಮೇಲೆ ಮೊದಲು ಕೋಲನ್ನು ತಿರುವುತ್ತಾ ಎಳೆಯಿರಿ, ಆಮೇಲೆ ಬಾಟಲಿಯನ್ನು ತಿರುವುತ್ತಾ ಮೇಲಕ್ಕೆ ತೆಗೆಯಿರಿ. ಒಳಗೆ ಸುರಂಗ ಉಳಿಯುತ್ತದೆ. ಬುಡದ ತೂತಿನಲ್ಲಿ ಕಾಗದ, ಒಂದು ಕರ್ಪೂರ ಇಟ್ಟು ಹಚ್ಚಿ. ಗಾಳಿ ಕೆಳಗಿನಿಂದ ಎಳೆದುಕೊಂಡು ಮೇಲಕ್ಕೆ ಹೋಗುತ್ತದೆ, ಸುರಂಗದ ಗೋಡೆ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಉರಿಯುತ್ತದೆ.

ಡಬ್ಬದ ಅಂಚಿನ ಮೇಲೆ ಮೂರು ಕಬ್ಬಿಣದ ತುಂಡು ಇಟ್ಟು ಅದರ ಮೇಲೆ ಪಾತ್ರೆ ಇಡಿ. ಪಾತ್ರೆ ನೇರ ಡಬ್ಬದ ಮೇಲೆ ಕೂತರೆ ಹೊಗೆಗೆ ದಾರಿ ಇಲ್ಲದೆ ಉರಿ ಸಾಯುತ್ತದೆ. ಉರಿಯುವಾಗ ಕೆದಕಬೇಡಿ, ಡಬ್ಬವನ್ನು ಎತ್ತಿಡಬೇಡಿ. ಸುರಂಗ ಕುಸಿದರೆ ಹೊಗೆಯೇ ಹೊಗೆ.

ಉರಿ ಕಡಿಮೆ ಮಾಡಬೇಕಾದರೆ ಬುಡದ ತೂತಿಗೆ ಒಂದು ತಗಡಿನ ತುಂಡು ಅರ್ಧ ಮುಚ್ಚಿ. ಅದೇ ಇದರ ರೆಗ್ಯುಲೇಟರ್.

ಮರದ ಹೊಟ್ಟು ಸಿಗದಿದ್ದರೆ ಭತ್ತದ ಹೊಟ್ಟು ಆಗುತ್ತಾ? ಮೆಕ್ಕೆಜೋಳದ ಬೆಂಡು?

ದಾವಣಗೆರೆಯಲ್ಲಿ ಭತ್ತದ ಹೊಟ್ಟಿಗೆ ಬರ ಇಲ್ಲ. ಮಂಡಕ್ಕಿ ಭಟ್ಟಿಗಳು ಅದನ್ನೇ ಉರಿಸುತ್ತವೆ. ಆದರೆ ಬರೀ ಭತ್ತದ ಹೊಟ್ಟು ಗಟ್ಟಿಯಾಗಿ ಕೂರುವುದಿಲ್ಲ, ಸುರಂಗ ನಿಲ್ಲುವುದಿಲ್ಲ, ಬೂದಿಯೂ ಜಾಸ್ತಿ. ಅರ್ಧಕ್ಕರ್ಧ ಮರದ ಹೊಟ್ಟು ಬೆರೆಸಿ. ಮೆಕ್ಕೆಜೋಳದ ಬೆಂಡು ಒಣಗಿದ್ದರೆ ಬಹಳ ಒಳ್ಳೆ ಉರುವಲು, ಆದರೆ ಅದಕ್ಕೆ ಮುಂದೆ ಹೇಳುವ ಚಿಕ್ಕ ಒಲೆಯೇ ಸರಿ. ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆ ಇದೆ, ಹೊಸದುರ್ಗ, ಹೊಳಲ್ಕೆರೆಯವರಿಗೆ ತೆಂಗಿನ ಚಿಪ್ಪು ಇದೆ. ನಿಮ್ಮೂರಲ್ಲಿ ಬಿಟ್ಟಿ ಬಿದ್ದಿರೋದು ಯಾವುದೋ ಅದಕ್ಕೆ ತಕ್ಕ ಒಲೆ ಮಾಡಿಕೊಳ್ಳಿ.

ಪೇಂಟ್ ಹಚ್ಚಿದ ಮರ, ಪ್ಲೈವುಡ್ಡಿನ ಹೊಟ್ಟು, ಟೈರು, ಪ್ಲಾಸ್ಟಿಕ್ ಇವನ್ನು ಅಡುಗೆ ಒಲೆಗೆ ಹಾಕಬೇಡಿ.

ಬರೀ ಟೀಗೆ, ಬೆಳಗಿನ ಉಪ್ಪಿಟ್ಟಿಗೆ ಚಿಕ್ಕ ಒಲೆ?

ಎರಡು ತಗಡಿನ ಡಬ್ಬಿ ಬೇಕು. ಒಂದರೊಳಗೆ ಇನ್ನೊಂದು ಕೂತು ನಡುವೆ ಬೆರಳಗಲ ಸಂದು ಉಳಿಯಬೇಕು. ಒಳಗಿನ ಡಬ್ಬಿಯ ತಳಕ್ಕೆ ತೂತುಗಳು, ಬಾಯಿಯ ಕೆಳಗೆ ಸುತ್ತಲೂ ಒಂದು ಸಾಲು ತೂತು. ಹೊರಗಿನ ಡಬ್ಬಿಯ ಬುಡದ ಸುತ್ತ ತೂತುಗಳು. ಒಳಗಿನದು ಹೊರಗಿನದರ ಬಾಯಿಗೆ ಬಿಗಿಯಾಗಿ ಕೂರಬೇಕು, ತಳ ಮಾತ್ರ ನೆಲ ಮುಟ್ಟಬಾರದು. ಸಂದಿನಲ್ಲಿ ಏರುವ ಗಾಳಿ ಕಾದು, ಮೇಲಿನ ತೂತಿನಿಂದ ಒಳನುಗ್ಗಿ, ಹೊಗೆಯನ್ನೇ ಉರಿಸಿಬಿಡುತ್ತದೆ. ಬೆಂಡಿನ ತುಂಡು, ಚಿಪ್ಪಿನ ಚೂರು ತುಂಬಿ ಮೇಲಿನಿಂದ ಹಚ್ಚಿ, ಕೆಳಗಿನಿಂದಲ್ಲ.

ಮೊಳೆಯಲ್ಲಿ ತೂತು ಹೊಡೆಯುವಾಗ ಡಬ್ಬಿ ನೆಗ್ಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಒಳಗೆ ಒದ್ದೆ ಮರಳು ಒತ್ತಿ ತುಂಬಿ ಹೊಡೆಯಿರಿ, ನೆಗ್ಗುವುದಿಲ್ಲ.

ಯಾವ ಪಾತ್ರೆ, ಯಾವ ತಗಡು ಬೆಂಕಿಗೆ ಇಡಬಾರದು?

*ಜಿಂಕ್ ಬಕೆಟ್, ಜಿಐ ತಗಡು, ಜಿಐ ಪೈಪು.* ಇವುಗಳ ಮೇಲೆ ಸತುವಿನ ಲೇಪ ಇರುತ್ತದೆ. ಸತು 419 ಡಿಗ್ರಿಗೇ ಕರಗುತ್ತದೆ. ಕೆಂಡದ ಕಾವು ಇದಕ್ಕಿಂತ ಎಷ್ಟೋ ಜಾಸ್ತಿ. ಅತಿಯಾಗಿ ಕಾದಾಗ ಏಳುವ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ, ಮೈಕೈ ನೋವು ಬರುತ್ತದೆ. ವೆಲ್ಡಿಂಗ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ಹುಳಿ ಅಡುಗೆಯನ್ನಂತೂ ಇಂಥ ಬಕೆಟ್ಟಿನಲ್ಲಿ ಇಡಲೇಬೇಡಿ.

*ಹಳೇ ಫ್ರಿಜ್ಜಿನ ತಂತಿ ತಟ್ಟೆ.* ನೋಡೋಕೆ ಕೆಂಡದ ಮೇಲಿನ ಜಾಲರಿಗೆ ಹೇಳಿ ಮಾಡಿಸಿದ ಹಾಗಿದೆ. ಬೇಡ. ಕೆಲವಕ್ಕೆ ಪ್ಲಾಸ್ಟಿಕ್ ಲೇಪ, ಹಳೇ ಕಾಲದ ಕೆಲವಕ್ಕೆ ಕ್ಯಾಡ್ಮಿಯಂ ಲೇಪ ಇರುತ್ತದೆ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ. ಜಾಲರಿ ಬೇಕಾದರೆ ಸ್ಟೀಲಿನ ಪಾತ್ರೆ ಸ್ಟ್ಯಾಂಡಿನ ತುಂಡು ಹುಡುಕಿ.

*ಪೇಂಟ್ ಡಬ್ಬಿ, ಕೀಟನಾಶಕದ ಡಬ್ಬಿ.* ಎಷ್ಟು ತೊಳೆದರೂ ಬೇಡ. ಹೊಲದ ಮನೆಗಳಲ್ಲಿ ಕೀಟನಾಶಕದ ಕ್ಯಾನನ್ನು ನೀರಿಗೆ ಇಡುವುದನ್ನು ನೋಡಿದರೆ ನನಗೆ ನಿಜಕ್ಕೂ ಹೆದರಿಕೆ ಆಗುತ್ತದೆ.

*ನಾನ್‌ಸ್ಟಿಕ್ ತವಾ.* ಸೌದೆ ಉರಿಯ ಮೇಲೆ ಕಾವು ಹತೋಟಿಯಲ್ಲಿ ಇರುವುದಿಲ್ಲ. 260 ಡಿಗ್ರಿ ದಾಟಿದರೆ ಆ ಲೇಪ ಕೆಡಲು ಶುರುವಾಗುತ್ತದೆ.

*ಕಲಾಯಿ ಹಾಕಿದ ಹಿತ್ತಾಳೆ, ತಾಮ್ರ.* ನೀರು ಇದ್ದಾಗ ತೊಂದರೆ ಇಲ್ಲ. ಖಾಲಿ ಪಾತ್ರೆ ಕಾಯಿಸಿದರೆ ಕಲಾಯಿಯ ತವರ 232 ಡಿಗ್ರಿಗೆ ಕರಗಿ ಹೋಗುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಬೇಡ.

*ಅಲ್ಯೂಮಿನಿಯಂ, ಹಿಂಡಾಲಿಯಂ.* ಅಡುಗೆ ಮಾಡಬಹುದು. ಆದರೆ 660 ಡಿಗ್ರಿಗೆ ಕರಗುವ ಲೋಹ ಇದು, ಖಾಲಿ ಪಾತ್ರೆಯನ್ನು ಕೆಂಡದ ಮೇಲೆ ಮರೆತರೆ ತಳ ತೂತಾಗಬಹುದು. ಕೂಲ್‌ಡ್ರಿಂಕ್ಸ್ ಕ್ಯಾನಿನಿಂದ ಸೌದೆ ಒಲೆ ಮಾಡುವುದು ಇದೇ ಕಾರಣಕ್ಕೆ ವ್ಯರ್ಥ.

ಹಾಗಾದರೆ ಎಣ್ಣೆ ಡಬ್ಬ? ಒಲೆಯ ಮೈಗೆ ಆಗಬಹುದು, ಪಾತ್ರೆಯಾಗಿ ಬೇಡ. ಮೊದಲ ಸಲ ಪಾತ್ರೆ ಇಡದೆ ಒಲೆಯನ್ನು ಬಯಲಲ್ಲಿ ಒಂದು ಗಂಟೆ ಜೋರಾಗಿ ಉರಿಸಿ, ಹೊರಗಿನ ಬಣ್ಣ ಎಲ್ಲಾ ಸುಟ್ಟು ಹೋಗಲಿ. ಗಾಳಿ ಬರುವ ಕಡೆ ನಿಂತುಕೊಳ್ಳಿ. ಒಲೆಯ ಯಾವ ಭಾಗಕ್ಕೂ ಬೆಸುಗೆ (ಸೋಲ್ಡರಿಂಗ್) ಹಾಕಬೇಡಿ. ಸೀಸ ಬೆರೆತ ಬೆಸುಗೆ 200 ಡಿಗ್ರಿ ಕೂಡ ತಡೆಯಲ್ಲ.

ಹಳೇ ಕುಕ್ಕರ್ ಇದೆ, ಮುಚ್ಚಳ ಕೆಟ್ಟಿದೆ. ಬಳಸಬಹುದಾ?

ಬಹಳ ಒಳ್ಳೆ ಪಾತ್ರೆ ಅದು. ತಳ ದಪ್ಪ, ಹಿಡಿಕೆ ಗಟ್ಟಿ. ಒಂದು ತಟ್ಟೆ ಮುಚ್ಚಿ ಅಡುಗೆ ಮಾಡಿ. ಪ್ಲಾಸ್ಟಿಕ್ ಹಿಡಿಕೆ ಮಾತ್ರ ಬಿಚ್ಚಿಡಿ, ಸೌದೆ ಉರಿಗೆ ಸುಟ್ಟು ಹೋಗುತ್ತದೆ. ಇಕ್ಕಳದಲ್ಲಿ ಎತ್ತಿ. ಕೆಟ್ಟ ಮುಚ್ಚಳಕ್ಕೆ ತಂತಿ ಕಟ್ಟಿ, ಸೇಫ್ಟಿ ವಾಲ್ವಿನ ಜಾಗಕ್ಕೆ ಏನಾದರೂ ತುರುಕಿ ಒತ್ತಡದಲ್ಲಿ ಬೇಯಿಸುವ ಪ್ರಯತ್ನ ಯಾವತ್ತೂ ಬೇಡ.

ಕಂಬಳಿ ಪೆಟ್ಟಿಗೆ ಅಂದರೇನು?

ಕುದಿ ಬಂದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಬಿಸಿ ಹೋಗದ ಹಾಗೆ ಮುಚ್ಚಿಟ್ಟರೆ ಉಳಿದದ್ದು ತಾನೇ ಬೇಯುತ್ತದೆ. ಇದಕ್ಕೆ ಬೇಕಾದ ವಸ್ತು ನಮ್ಮ ಜಿಲ್ಲೆಯಲ್ಲೇ ಇದೆ. ಚಳ್ಳಕೆರೆಯ ಕುರಿ ಉಣ್ಣೆ ಕಂಬಳಿ ಹೆಸರುವಾಸಿ. ಹರಿದು ಮೂಲೆ ಸೇರಿದ ಕಂಬಳಿ ಮನೆಯಲ್ಲಿದ್ದರೆ ಅದನ್ನು ತೆಗೆಯಿರಿ.

ಗಟ್ಟಿ ರಟ್ಟಿನ ಪೆಟ್ಟಿಗೆ, ಅದರೊಳಗೆ ಥರ್ಮಾಕೋಲ್ ಪೆಟ್ಟಿಗೆ ಅಥವಾ ಟಿವಿ, ಫ್ರಿಜ್ಜಿನ ಜೊತೆ ಬಂದ ಥರ್ಮಾಕೋಲ್ ತುಂಡುಗಳು. ಒಳಗೆ ಕಂಬಳಿಯ ಎರಡು ಪದರ. ಪಾತ್ರೆಯನ್ನು ಒಂದು ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟು, ಮೇಲೆ ಕಂಬಳಿ ಹೊದಿಸಿ, ಹಳೇ ದಿಂಬು ಒತ್ತಿ ಮುಚ್ಚಿ. ಥರ್ಮಾಕೋಲಿಗೆ ಬಿಸಿ ಪಾತ್ರೆ ನೇರ ತಾಗಬಾರದು, ಕುದಿಯುವ ಬಿಸಿಗೇ ಅದು ಮೆತ್ತಗಾಗುತ್ತದೆ. ಒಲೆಯ ಕಿಡಿಯಿಂದಲೂ ದೂರ ಇರಲಿ.

ಅನ್ನಕ್ಕೆ: ಅಕ್ಕಿ, ನೀರು ಚೆನ್ನಾಗಿ ಕುದಿ ಬಂದು 5 ನಿಮಿಷ ಆದ ಮೇಲೆ ಇಳಿಸಿ ಪೆಟ್ಟಿಗೆಗೆ. 45 ನಿಮಿಷದಿಂದ ಒಂದು ಗಂಟೆ. ಆವಿ ಹೋಗದ ಕಾರಣ ನೀರು ಮಾಮೂಲಿಗಿಂತ ಸ್ವಲ್ಪ ಕಡಿಮೆ ಸಾಕು. ತೊಗರಿಬೇಳೆಗೆ: ಒಂದು ಗಂಟೆ ನೆನೆಸಿ, 15 ನಿಮಿಷ ಕುದಿಸಿ, ಎರಡರಿಂದ ಮೂರು ಗಂಟೆ. ಪಾತ್ರೆ ಮುಕ್ಕಾಲು ತುಂಬಿರಬೇಕು. ಎರಡು ಹಿಡಿ ಅಕ್ಕಿಗೆ ಇದು ನಡೆಯಲ್ಲ, ಬಿಸಿ ಹಿಡಿದಿಡುವಷ್ಟು ತೂಕ ಅದರಲ್ಲಿ ಇರುವುದಿಲ್ಲ. ಆಯ್ತಾ ಅಂತ ಮಧ್ಯೆ ಮಧ್ಯೆ ತೆರೆದು ನೋಡಬೇಡಿ.

ರಾಜ್ಮಾ ಆದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಪೆಟ್ಟಿಗೆಗೆ ಇಡುವ ಮುಂಚೆ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಲೇಬೇಕು. ಅರೆಬೆಂದ ರಾಜ್ಮಾದಲ್ಲಿ ವಾಂತಿ ತರಿಸುವ ಅಂಶ ಇದೆ. ಹಾಗೇ, ಪೆಟ್ಟಿಗೆ ತೆರೆದಾಗ ಅಡುಗೆ ಉಗುರುಬೆಚ್ಚಗೆ ಆಗಿದ್ದರೆ ಬಹಳ ಹೊತ್ತು ಹಾಗೇ ಕೂತಿದೆ ಅಂತ ಅರ್ಥ. ಅಂಥದ್ದನ್ನು ಯಾರಿಗೂ ಬಡಿಸಬೇಡಿ. ಕೈ ಸುಡುವಷ್ಟು ಬಿಸಿ ಇದ್ದರೆ ಸರಿ.

ಡಬ್ಬದ ಒಲೆ ಮೇಲೆ ಮುದ್ದೆ ತಿರುವೋದು ಹೇಗೆ?

ಒಲೆ ಮೇಲೆ ತಿರುವಬೇಡಿ. ಹಿಟ್ಟು ಬೇಯುವ ತನಕ ಒಲೆ ಮೇಲಿರಲಿ, ತಿರುವುವ ಹೊತ್ತಿಗೆ ಪಾತ್ರೆ ನೆಲಕ್ಕೆ ಬರಲಿ. ಹಳ್ಳಿ ಮನೆಯಲ್ಲಿ ಅಜ್ಜಿಯರು ಮಾಡುವುದೂ ಹೀಗೇ. ಕವೆಗೋಲಿನ ಎರಡು ಕವಲು ಪಾತ್ರೆಯ ಕಂಠಕ್ಕೆ ಕೊಟ್ಟು, ಅದರ ತುದಿಯನ್ನು ಪಾದದಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮುದ್ದೆ ಕೋಲು ತಿರುವುತ್ತಾರೆ. ಪಾತ್ರೆ ಅಲುಗಾಡುವುದಿಲ್ಲ. ಕವೆಗೋಲು ಇಲ್ಲದಿದ್ದರೆ ಹೊಲದಲ್ಲಿ ಬಿದ್ದಿರುವ ಬೇವಿನ ಕವಲು ಕೊಂಬೆ ಕಡಿದು ಸಿಪ್ಪೆ ಕೆರೆದರೆ ಆಯ್ತು. ಹಸಿ ಮರ ಕಡಿಯಬೇಡಿ.

ಟ್ರ್ಯಾಕ್ಟರ್ ಡಿಸ್ಕಿನಿಂದ ತವಾ ಮಾಡಬಹುದಂತೆ, ನಿಜಾನಾ?

ನಿಜ. ಸವೆದು ಬಿಸಾಡಿದ ಡಿಸ್ಕು ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ನಡುವಿನ ತೂತಿಗೆ ಕಬ್ಬಿಣದ ಬಿಲ್ಲೆ ವೆಲ್ಡಿಂಗ್ ಮಾಡಿಸಿ, ಅಂಚು ಗ್ರೈಂಡಿಂಗ್ ಮಾಡಿಸಿ, ಎರಡು ಹಿಡಿಕೆ ಹಾಕಿಸಿ. ಬಣ್ಣ, ತುಕ್ಕು ಪೂರ್ತಿ ಉಜ್ಜಿ ತೆಗೆದ ಮೇಲೆ ಎಣ್ಣೆ ಸವರಿ ಕಾಯಿಸೋದು, ಆರಿಸೋದು, ಮತ್ತೆ ಸವರೋದು. ಕಪ್ಪಗೆ ಹೊಳಪು ಬಂದ ಮೇಲೆ ಮೊಟ್ಟೆ, ಮೀನು, ಒಗ್ಗರಣೆ ಮಂಡಕ್ಕಿ ಎಲ್ಲಾ ಆಗುತ್ತದೆ. ತೂಕ ಮಾತ್ರ ಜಾಸ್ತಿ, ಗಾಡಿ ಇದ್ದವರಿಗೆ ಸರಿ.

ಬೇಳೆ ಎಷ್ಟು ಹೊತ್ತಾದರೂ ಬೇಯಲ್ಲ. ಒಲೆಯದ್ದೇ ತಪ್ಪಾ?

ಒಲೆಯದ್ದಲ್ಲ, ನೀರಿನದ್ದು. ನಮ್ಮ ಕಡೆ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಅದರ ಸುಣ್ಣದಂಶ ಬೇಳೆ ಮೆತ್ತಗಾಗಲು ಬಿಡುವುದಿಲ್ಲ. ಎತ್ತರದಿಂದ ಅಂತ ಕೆಲವರು ಹೇಳುತ್ತಾರೆ, ಆದರೆ ಚಿತ್ರದುರ್ಗದ ಎತ್ತರ ಸುಮಾರು 730 ಮೀಟರ್, ಇಲ್ಲಿ ನೀರು 97, 98 ಡಿಗ್ರಿಗೆ ಕುದಿಯುತ್ತದೆ. ಆ ಎರಡು ಡಿಗ್ರಿಯಿಂದ ಬೇಳೆ ಕಲ್ಲಾಗಲ್ಲ.

ಮನೆಯಿಂದಲೇ ನೀರು ಒಯ್ಯಿರಿ. ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಬೇಳೆ ಬೇಯುವ ತನಕ ಹುಣಸೆ, ಟೊಮೆಟೊ ಹಾಕಬೇಡಿ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕೂಡ ಇದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ.

ಬೇಸಿಗೆಯಲ್ಲಿ ಮಜ್ಜಿಗೆ, ತರಕಾರಿ ಕೆಡದ ಹಾಗೆ?

ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಗೋಣಿಚೀಲ. ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ನಮ್ಮ ಒಣ ಹವೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ಅಷ್ಟು ಮಾಡಲ್ಲ. ಸೊಪ್ಪು, ತರಕಾರಿ, ಮಜ್ಜಿಗೆಗೆ ಸಾಕು. ಮಾಂಸ, ಮೀನು ಇದರಲ್ಲಿ ಇಡಬೇಡಿ, ಅದಕ್ಕೆ ಥರ್ಮಾಕೋಲ್ ಪೆಟ್ಟಿಗೆ ಮತ್ತು ಐಸೇ ಬೇಕು.

ಕೈ ತೊಳೆಯೋಕೆ ನಲ್ಲಿ?

ಎರಡು ಲೀಟರ್ ಬಾಟಲಿಯ ಬುಡದಲ್ಲಿ ಬಿಸಿ ಮಾಡಿದ ಮೊಳೆಯಿಂದ ಒಂದು ತೂತು. ನೀರು ತುಂಬಿ ಮುಚ್ಚಳ ಬಿಗಿ ಮಾಡಿದರೆ ನೀರು ನಿಲ್ಲುತ್ತದೆ, ಸಡಿಲ ಮಾಡಿದರೆ ಹರಿಯುತ್ತದೆ. ಮೇಲಿನಿಂದ ಗಾಳಿ ಒಳಗೆ ಹೋಗದೆ ನೀರು ಹೊರಗೆ ಬರುವುದಿಲ್ಲ, ಅಷ್ಟೇ ಇದರ ಗುಟ್ಟು. ಮರಕ್ಕೆ ಕಟ್ಟಿ, ಪಕ್ಕದಲ್ಲಿ ಹಳೇ ಕಾಲುಚೀಲದಲ್ಲಿ ಸೋಪು ತೂಗುಹಾಕಿ. ಮಕ್ಕಳಿಗೆ ಇದು ಬಹಳ ಇಷ್ಟ.

ಎಲ್ಲಾ ಸಾಮಾನು ಒಯ್ಯೋದು ಯಾವುದರಲ್ಲಿ?

ಹಾಸ್ಟೆಲ್ಲಿಗೆ ಅಂತ ತಂದ ಹಳೇ ಟ್ರಂಕು. ಇಲಿ, ಇರುವೆ, ಮಳೆ ಯಾವುದೂ ಒಳಗೆ ಹೋಗಲ್ಲ, ಮುಚ್ಚಿದರೆ ಮೇಲೆ ತರಕಾರಿ ಹೆಚ್ಚಬಹುದು. ಒಳಗೆ ರಟ್ಟಿನ ಅಡ್ಡಗೋಡೆ ಮಾಡಿ. ಸಾಂಬಾರ ಪುಡಿಗಳಿಗೆ ಮನೆಯ ಒಗ್ಗರಣೆ ಡಬ್ಬಿಯೇ ಸಾಕು. ಊಟಕ್ಕೆ ಟಿಫಿನ್ ಕ್ಯಾರಿಯರ್ ಒಯ್ಯಿರಿ: ಒಯ್ಯುವಾಗ ಡಬ್ಬಿ, ಅಲ್ಲಿ ಬಟ್ಟಲು.

ಮಳೆ ಬಂತು, ಟೆಂಟಿನೊಳಗೆ ಒಲೆ ಹಚ್ಚಲಾ?

ಬೇಡ. ಚಿಕ್ಕ ಒಲೆಯೂ ಬೇಡ, ಕೆಂಡವೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಳಿ ಅಂತ ಕೆಂಡ ಒಳಗಿಟ್ಟು ಮಲಗಿದವರು ಏಳದೇ ಹೋಗಬಹುದು. ಅವಲಕ್ಕಿ, ಮಂಡಕ್ಕಿ, ಶೇಂಗಾ ಚಟ್ನಿಪುಡಿ ಜೊತೆಗಿರಲಿ.

ಎಲ್ಲಿ ಒಲೆ ಹಚ್ಚಬಹುದು?

ಸ್ವಂತ ಹೊಲ, ನೆಂಟರ ತೋಟ, ಕೇಳಿಕೊಂಡು ಹೋದ ಜಾಗ. ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗ ಎರಡೂ ವನ್ಯಜೀವಿಧಾಮ. ಅಲ್ಲಿ ಬೆಂಕಿ ಹಚ್ಚುವ ಮಾತೇ ಇಲ್ಲ. ಬೇಸಿಗೆಯಲ್ಲಿ ಆ ಕುರುಚಲು ಕಾಡಿನ ಹುಲ್ಲು ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ, ರಂಗಯ್ಯನದುರ್ಗದ ಕೊಂಡುಕುರಿಗಳಿಗೆ (ನಾಲ್ಕು ಕೊಂಬಿನ ಹುಲ್ಲೆಗಳಿಗೆ) ಓಡಲು ಜಾಗವೂ ಇರಲ್ಲ. ಕೋಟೆ, ಚಂದ್ರವಳ್ಳಿಯ ಬಂಡೆಗಳ ಆಸರೆಯಲ್ಲಿ ಒಲೆ ಹೂಡುವುದೂ ತಪ್ಪು. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನ ಇರುವ ಬಂಡೆ ಇದೆ. ಅಂಥ ಜಾಗದ ಕಲ್ಲಿಗೆ ಮಸಿ ಹಿಡಿಸುವ ಹಕ್ಕು ಯಾರಿಗೂ ಇಲ್ಲ.

ಮೂರು ಕಲ್ಲು ಹೂಡುವಾಗ ಹಳ್ಳದಿಂದ ಎತ್ತಿದ ಒದ್ದೆ ಕಲ್ಲು ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಒಣ ಇಟ್ಟಿಗೆ ಒಳ್ಳೇದು.

ಪಾತ್ರೆ ಮಸಿ ಹೋಗಲ್ಲ, ಏನು ಮಾಡಲಿ?

ಒಲೆಗೆ ಇಡುವ ಮುಂಚೆಯೇ ಪಾತ್ರೆಯ ಹೊರಮೈಗೆ ಬೂದಿ, ಮಣ್ಣು ಕಲಸಿ ತೆಳ್ಳಗೆ ಬಳಿಯಿರಿ. ಮಸಿ ಅದರ ಮೇಲೆ ಕೂರುತ್ತದೆ, ತೊಳೆಯುವಾಗ ಜೊತೆಗೇ ಬರುತ್ತದೆ.

ಹೊರಡುವ ಮುಂಚೆ ಹೊಟ್ಟಿನ ಒಲೆ ಆರಿಸೋದು ಹೇಗೆ?

ಹೊರಗೆ ಆರಿದ ಹಾಗೆ ಕಂಡರೂ ಹೊಟ್ಟು ಒಳಗೆ ಕನಲುತ್ತಲೇ ಇರುತ್ತದೆ. ಡಬ್ಬವನ್ನು ಬರಿನೆಲದ ಮೇಲೆ ಮಗುಚಿ, ಕೋಲಿನಿಂದ ಹರಡಿ, ನೀರು ಹೊಯ್ದು ಕಲಸಿ, ಮತ್ತೆ ನೀರು ಹೊಯ್ಯಿರಿ. ಸುಯ್ ಅನ್ನೋ ಸದ್ದು ಪೂರ್ತಿ ನಿಲ್ಲಬೇಕು. ಆಮೇಲೆ ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು ನೋಡಿ, ಬಿಸಿ ತಾಗಿದರೆ ಇನ್ನೊಂದು ಬಿಂದಿಗೆ ಸುರಿಯಿರಿ. ಅದಕ್ಕೆ ಬೇಕಾದ ನೀರನ್ನು ಬೆಳಿಗ್ಗೆಯೇ ಬೇರೆ ತೆಗೆದಿಟ್ಟಿರಬೇಕು, ಪಾತ್ರೆ ತೊಳೆಯಲು ಖಾಲಿ ಮಾಡಬೇಡಿ.